ಫ್ಯಾಟಿ ಲಿವರ್‌ನಲ್ಲಿ ಅಪೊಪ್ಟೋಸಿಸ್ ತಡೆಯಲು ಯಾವ ಕ್ಯಾಸ್ಪೇಸ್ ಇನ್ಹಿಬಿಟರ್ ಒಳ್ಳೆಯದು?

ಪಿಎಚ್‌ಡಿ ಶುರುವಿನಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದವಳು. ಪಾಲ್ಮಿಟಿಕ್ ಆಮ್ಲದಂಥ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಲಿವರ್ ಕೋಶದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಪ್ರೋಟೀನ್ ತಯಾರಾಗುವ ಒಳಜಾಲ) ಒತ್ತಡಕ್ಕೆ ಸಿಲುಕುತ್ತದೆ, ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಹೊರಬರುತ್ತದೆ, ಕ್ಯಾಸ್ಪೇಸ್ ಎಂಬ ಕಿಣ್ವಗಳು ಕೋಶವನ್ನು ಒಳಗಿನಿಂದಲೇ ಕತ್ತರಿಸಿಹಾಕುತ್ತವೆ. ಕೋಶದ ಈ ಕ್ರಮಬದ್ಧ ಸಾವೇ ಅಪೊಪ್ಟೋಸಿಸ್. ಆ ತುಣುಕುಗಳನ್ನು ನುಂಗಿದ ಸ್ಟೆಲ್ಲೇಟ್ ಕೋಶಗಳು (ಲಿವರ್‌ನಲ್ಲೇ ಇರುವ ಇನ್ನೊಂದು ಬಗೆಯ ಕೋಶಗಳು) ಕೊಲಾಜನ್ ಎಂಬ ನಾರು ಮಾಡತೊಡಗುತ್ತವೆ, ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ. ಇದೇ ಫೈಬ್ರೋಸಿಸ್. ಇನ್ಹಿಬಿಟರ್, ಅಂದರೆ ತಡೆಯುವ ರಾಸಾಯನಿಕ, ಹಾಕಿ ಕ್ಯಾಸ್ಪೇಸ್ ಕಟ್ಟಿಹಾಕಿದರೆ ಆಯಿತಲ್ಲ ಎಂದು ಹೊರಟೆ.

ಹಾಗೆಯೇ ಮಾಡಿದೆ. ಕೋಶಗಳಿಗೆ ಪಾಲ್ಮಿಟೇಟ್ (ಅದೇ ಪಾಲ್ಮಿಟಿಕ್ ಆಮ್ಲದ ರೂಪ) ಕೊಟ್ಟು, ತಟ್ಟೆಯ ಅರ್ಧ ಬಾವಿಗಳಿಗೆ, ಅಂದರೆ ಗುಳಿಗಳಿಗೆ, ಇನ್ಹಿಬಿಟರ್ ಹಾಕಿದೆ. ಮರುದಿನ ಮೀಡಿಯಂ (ಕೋಶ ಬೆಳೆಸುವ ದ್ರವ) ಹೀರಿ ಚೆಲ್ಲಿ, ಬಫರ್‌ನಲ್ಲಿ ತೊಳೆದು, ಬಣ್ಣ ಹಾಕಿ ಎಣಿಸಿದೆ. ಇನ್ಹಿಬಿಟರ್ ಇದ್ದ ಕಡೆ ಸತ್ತ ಕೋಶ ತೀರಾ ಕಡಿಮೆ. ಅದರ ಮೇಲೆ ಇಡೀ ಅಧ್ಯಾಯವನ್ನೇ ಕಟ್ಟಿದೆ.

ನಾನು ಎಡವಿದ್ದು ಆ ತೊಳೆಯುವ ಕೆಲಸದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಪ್ರೋಟೋಕಾಲ್ ಹಾಳೆಯಲ್ಲಿ ಇದಕ್ಕೆ ಒಂದೇ ಸಾಲು ಇರುತ್ತದೆ. ಬದುಕಿರುವ ಲಿವರ್ ಕೋಶ ತಟ್ಟೆಯ ತಳಕ್ಕೆ ಅಂಟಿಕೊಂಡಿರುತ್ತದೆ. ಸತ್ತದ್ದು ಹಿಡಿತ ಬಿಟ್ಟು ಮೇಲೆ ತೇಲುತ್ತದೆ. ಮೀಡಿಯಂ ಚೆಲ್ಲಿದಾಗ ತೇಲುತ್ತಿದ್ದದ್ದೆಲ್ಲ ಅದರ ಜೊತೆಗೇ ಹೋಯಿತು. ಉಳಿದದ್ದು ಅಂಟಿಕೊಂಡಿದ್ದವು ಮಾತ್ರ, ನಾನು ಎಣಿಸಿದ್ದೂ ಅವನ್ನೇ. ಅದೂ ಕ್ಯಾಸ್ಪೇಸ್ ಗುರುತು ಹಿಡಿಯುವ ಬಣ್ಣದಲ್ಲಿ! ಕ್ಯಾಸ್ಪೇಸ್ ತಡೆದ ಮೇಲೆ ಆ ಬಣ್ಣ ಕಡಿಮೆಯಾಗದೆ ಇನ್ನೇನಾಗುತ್ತದೆ? ಪೊರೆ ಒಡೆದು ಸತ್ತವು ನನ್ನ ಲೆಕ್ಕಕ್ಕೆ ಬರಲೇ ಇಲ್ಲ. ನನ್ನ ಗೈಡ್ ಗ್ರಾಫ್ ನೋಡಿ, “ಹಳೆಯ ಮೀಡಿಯಂ ಎಲ್ಲಮ್ಮಾ?” ಎಂದು ಕೇಳಿದರು. ಚೆಲ್ಲಿದ್ದೆ. ಮತ್ತೆ ಮಾಡಿ, ಈ ಸಲ ಮೀಡಿಯಂ ಉಳಿಸಿಕೊಂಡು ಅದರಲ್ಲಿ ಎಲ್‌ಡಿಎಚ್ (ಪೊರೆ ಒಡೆದ ಕೋಶದಿಂದ ಸೋರುವ ಕಿಣ್ವ) ಅಳೆದಾಗ ಇನ್ಹಿಬಿಟರ್ ಇದ್ದ ಬಾವಿಗಳಲ್ಲೇ ಸೋರಿಕೆ ಹೆಚ್ಚಿತ್ತು. ಅಧ್ಯಾಯ ಹೋಯಿತು, ಫೆಲೋಶಿಪ್ ಅವಧಿಯೂ ಅದರಲ್ಲೇ ಕರಗಿತು.

ಆದ್ದರಿಂದ ಯಾವ ಇನ್ಹಿಬಿಟರ್ ಎನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂದು ಬಾಗಿಲು ಮುಚ್ಚಿದರೆ ಕೋಶ ಇನ್ನೊಂದರಿಂದ ಹೊರಡಬಲ್ಲದು. ಕ್ಯಾಸ್ಪೇಸ್-8 ಸುಮ್ಮನಾದರೆ ಆರ್‌ಐಪಿಕೆ1, ಆರ್‌ಐಪಿಕೆ3, ಎಂಎಲ್‌ಕೆಎಲ್ ಎಂಬ ಪ್ರೋಟೀನ್‌ಗಳು ಸೇರಿ ನೆಕ್ರೊಪ್ಟೋಸಿಸ್ ಎಂಬ ಇನ್ನೊಂದು ಬಗೆಯ ಸಾವು ನಡೆಸಬಲ್ಲವು. ಅದರಲ್ಲಿ ಪೊರೆ ಒಡೆದು ಒಳಗಿನದೆಲ್ಲ ಚೆಲ್ಲುತ್ತದೆ, ಉರಿಯೂತ ಹೆಚ್ಚುತ್ತದೆ. ಲಿವರ್ ಕೋಶದಲ್ಲಿ ಆರ್‌ಐಪಿಕೆ3 ಎಷ್ಟಿದೆ ಎಂಬುದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ, ಹಾಗಾಗಿ ನೆಕ್ರೊಪ್ಟೋಸಿಸ್ ಎಂಬ ವಿವರಣೆಯೊಂದನ್ನೇ ನೆಚ್ಚಿಕೊಳ್ಳಬೇಡಿ.

ಮನುಷ್ಯರಲ್ಲೂ ನೋಡಿದ್ದಾಗಿದೆ. ಎಮ್ರಿಕಸಾನ್ ಎಂಬ ಕ್ಯಾಸ್ಪೇಸ್ ಇನ್ಹಿಬಿಟರ್ ಅನ್ನು ಫೈಬ್ರೋಸಿಸ್ ಇದ್ದ 318 ನ್ಯಾಶ್ (ಉರಿಯೂತ ಸೇರಿದ ಫ್ಯಾಟಿ ಲಿವರ್) ರೋಗಿಗಳ ಟ್ರಯಲ್‌ನಲ್ಲಿ 72 ವಾರ ಪರೀಕ್ಷಿಸಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಕ್ಯಾಸ್ಪೇಸ್ ಚಟುವಟಿಕೆ ಇಳಿಯಿತು, ಲಿವರ್ ಹಾನಿ ತೋರಿಸುವ ಎಎಲ್‌ಟಿ ಕಿಣ್ವ ಕೂಡ ಇಳಿಯಿತು. ಬಯಾಪ್ಸಿಯಲ್ಲಿ ಫೈಬ್ರೋಸಿಸ್ ಸುಧಾರಿಸಲಿಲ್ಲ. ಫೈಬ್ರೋಸಿಸ್, ಕೋಶಗಳ ಊತ ಎರಡೂ ಹೆಚ್ಚಿರಬಹುದು ಎಂದು ಸಂಶೋಧಕರೇ ಬರೆದರು. ಆ ಊದಿಕೊಂಡ ಕೋಶಗಳೂ ನಿರುಪದ್ರವಿಗಳಲ್ಲ. ಸಾಯಲಾರದೆ ನಿಂತು ಹೆಜ್‌ಹಾಗ್ ಎಂಬ ಸಂಕೇತ ಕಳಿಸಿ ಸ್ಟೆಲ್ಲೇಟ್ ಕೋಶಗಳನ್ನು ಕೆರಳಿಸುತ್ತವೆ. ಕೆಟ್ಟುಹೋದ ಕೋಶ ಸಾಯದೆ ಉಳಿಯುವುದೂ ಕಾಯಿಲೆಯ ಭಾಗವೇ ಎಂದು ನನಗೆ ಅರ್ಥವಾಗಲು ಈ ಟ್ರಯಲ್ ಬೇಕಾಯಿತು.

ಕೋಶವನ್ನು ಸಾವಿಗೆ ದೂಡುತ್ತಿರುವ ಕೊಬ್ಬನ್ನು ಹಿಡಿಯಿರಿ. ತೂಕ ಶೇ 10ರಷ್ಟು ಇಳಿಸಿದವರಲ್ಲಿ ಅನೇಕರ ಫೈಬ್ರೋಸಿಸ್ ಕೂಡ ಹಿಮ್ಮೆಟ್ಟಿದ್ದು ಬಯಾಪ್ಸಿಗಳಲ್ಲಿ ಕಂಡಿದೆ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಪಾಲ್ಮಿಟೇಟ್ ಜೊತೆ ಓಲಿಯೇಟ್ (ಅನ್‌ಸ್ಯಾಚುರೇಟೆಡ್ ಕೊಬ್ಬು) ಸೇರಿಸಿ ನೋಡಿ. ಕೋಶದಲ್ಲಿ ಕೊಬ್ಬಿನ ಹನಿ ಹೆಚ್ಚುತ್ತದೆ, ಆದರೂ ಸಾವು ಇಳಿಯುತ್ತದೆ. ಯಾಕೆ ಹೀಗೆ ಎಂಬುದು ಇನ್ಹಿಬಿಟರ್ ಹುಡುಕುವುದಕ್ಕಿಂತ ಎಷ್ಟೋ ಒಳ್ಳೆಯ ಪ್ರಶ್ನೆ. ಮೀಡಿಯಂ ಮಾತ್ರ ಚೆಲ್ಲಬೇಡಿ. ಸೆಂಟ್ರಿಫ್ಯೂಜ್ ಮಾಡಿ ಕೆಳಗಿಳಿದ ಕೋಶಗಳನ್ನು ಎಣಿಕೆಗೆ ಸೇರಿಸಿ, ಮೇಲಿನ ದ್ರವದಲ್ಲಿ ಅಂದೇ ಎಲ್‌ಡಿಎಚ್ ಅಳೆಯಿರಿ.