ಅವರು ಫೋನ್ ತೆಗೆಯದ ಅರ್ಧ ಗಂಟೆ

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿದೆ. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೀರಿ. ಮದುವೆಯಾಗಿ ಎರಡು ವರ್ಷ. ಹೆಂಡತಿ ದಿನಾ ಹಾಸನಕ್ಕೆ ಕೆಲಸಕ್ಕೆ ಹೋಗಿ ಬರುತ್ತಾರೆ. ಅರ್ಧ ಗಂಟೆ ಅವರು ಫೋನ್ ತೆಗೆಯದಿದ್ದರೆ ನಿಮ್ಮ ಎದೆ ಡವಡವ ಅನ್ನುತ್ತದೆ. ಹತ್ತು ಸಲ ಕರೆ ಮಾಡುತ್ತೀರಿ. ಅವರು ಮನೆಗೆ ಬಂದ ಮೇಲೆ ಮುಖ ಕೊಟ್ಟು ಮಾತಾಡುವುದಿಲ್ಲ. ಒಂದು ರಾತ್ರಿ ಅವರ ಫೋನ್ ಕಸಿದು ನೋಡಿದಿರಂತೆ. ಪತ್ರದ ಕೊನೆಯ ಸಾಲು: ‘ಇಷ್ಟು ಅಂಜುವವನು ಗಂಡಸಾ ಸಾರ್?’

ಗಂಡಸೇ. ನಾನೂ ಹೀಗೇ ಇದ್ದವನು.

ಎಂಟನೇ ವಯಸ್ಸಿಗೆ ನನ್ನನ್ನು ಚಿಕ್ಕಮಗಳೂರಿನ ಒಂದು ಹಾಸ್ಟೆಲಿಗೆ ಸೇರಿಸಿದರು. ಶನಿವಾರ ಅಪ್ಪ ನೋಡಲು ಬರಬೇಕು. ಕೆಲವು ವಾರ ಬರುತ್ತಿದ್ದರು, ಕೆಲವು ವಾರ ಇಲ್ಲ. ಅತ್ತರೆ ‘ಹೆಣ್ಣುಮಕ್ಕಳ ಥರ ಅಳಬೇಡ’ ಅಂತ ಬೈಗುಳ. ಅಳು ನಿಲ್ಲಿಸುವುದನ್ನು ಕಲಿತೆ. ಕಾಯುವ ಸಂಕಟ ಮಾತ್ರ ಒಳಗೇ ಉಳಿಯಿತು. ಮದುವೆಯಾದ ಮೇಲೆ ಹೆಂಡತಿ ತಡವಾಗಿ ಬಂದರೆ ಅದು ಸಿಟ್ಟಾಗಿ ಹೊರಗೆ ಬೀಳುತ್ತಿತ್ತು. ಪಾಪ, ಅವಳಿಗೆ ಕಾಣುತ್ತಿದ್ದದ್ದು ಆ ಸಿಟ್ಟೊಂದೇ.

ಮೇರಿ ಐನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ ಸುಮಾರು 1 ವರ್ಷದ ಮಕ್ಕಳನ್ನು ಗಮನಿಸಿದ್ದರು. ತಾಯಿ ಕೆಲವು ನಿಮಿಷ ಕೋಣೆಯಿಂದ ಹೊರಗೆ ಹೋಗಿ ವಾಪಸ್ ಬರುತ್ತಾಳೆ. ಬಂದಾಗ ಮಗು ಏನು ಮಾಡುತ್ತದೆ ಅಂತ ಅವರು ನೋಡುತ್ತಿದ್ದರು. ಜಾಸ್ತಿ ಮಕ್ಕಳು ಎತ್ತಿಕೊಂಡ ಕೂಡಲೇ ಸಮಾಧಾನ ಆಗುತ್ತಿದ್ದವು. ಕೆಲವು ಏನೂ ಆಗದ ಹಾಗೆ ಮುಖ ತಿರುಗಿಸುತ್ತಿದ್ದವು. ಇನ್ನು ಕೆಲವು ತಾಯಿಗೆ ಅಂಟಿಕೊಳ್ಳುತ್ತಲೇ ಅವಳನ್ನು ಒದೆಯುತ್ತಿದ್ದವು. ನಿಮ್ಮ ಹತ್ತು ಕರೆ, ಆಮೇಲಿನ ಮುನಿಸು ಓದುವಾಗ ನನಗೆ ಆ ಮಕ್ಕಳೇ ನೆನಪಾದರು. ದೊಡ್ಡವರ ಪ್ರೀತಿಯಲ್ಲೂ ಇಂಥ ರೀತಿಗಳು ಕಾಣುತ್ತವೆ ಅಂತ 1987ರಲ್ಲಿ ಹಜಾನ್ ಮತ್ತು ಶೇವರ್ ಎಂಬ ಮನಶ್ಶಾಸ್ತ್ರಜ್ಞರು ಬರೆದರು. ಹಾಗಂತ ಇದನ್ನು ಹಣೆಬರಹ ಅಂದುಕೊಳ್ಳಬೇಡಿ. ನಂಬಿಕೆಯ ಜೊತೆಗಾರರು ಸಿಕ್ಕರೆ ದೊಡ್ಡವರಾದ ಮೇಲೂ ಬದಲಾಗಬಹುದು.

ಹೆಂಡತಿ ಆನ್‌ಲೈನ್ ಇದ್ದಾರಾ ಅಂತ ನೋಡಿದಾಗ ಐದು ನಿಮಿಷ ಮನಸ್ಸು ಹಗುರ ಆಗುತ್ತೆ, ಅಲ್ವಾ? ಆ ಹಗುರಕ್ಕಾಗಿಯೇ ಮತ್ತೆ ನೋಡುತ್ತೀರಿ. ಅಂಜಿಕೆ ಬೆಳೆಯುವುದು ಹೀಗೇ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಅದಕ್ಕೂ ಅವರೇ ಲೆಕ್ಕ ಕೊಡಬೇಕಾ? ಹೆದರಿದ್ದಕ್ಕೆ ನಾನು ನಿಮ್ಮನ್ನು ಬೈಯುವುದಿಲ್ಲ. ಫೋನ್ ಕಸಿದದ್ದು ಮಾತ್ರ ತಪ್ಪು. ಅದಕ್ಕೆ ಕ್ಷಮೆ ಕೇಳಿ. ‘ಆದರೆ ನೀನೂ...’ ಅಂತ ಸೇರಿಸಬೇಡಿ.

ಆಮೇಲೆ, ‘ಯಾರ ಜೊತೆ ಇದ್ದೆ?’ ಅನ್ನುವ ಜಾಗದಲ್ಲಿ ‘ನೀನು ಫೋನ್ ತೆಗೆಯಲಿಲ್ಲ, ನನಗೆ ಭಯ ಆಯ್ತು’ ಅಂತ ಹೇಳಿ ನೋಡಿ. ಈ ಒಂದು ಸಾಲು ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಹೇಳಿದ ದಿನ ಹೆಂಡತಿ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಏನೂ ಮಾತಾಡಲಿಲ್ಲ, ಸುಮ್ನೆ ಕೂತಳು. ನಿಮಗೆ ಅಷ್ಟು ವರ್ಷ ಹಿಡಿಯಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ರಾತ್ರಿ ನಿದ್ದೆ ಬರುವುದಿಲ್ಲ ಎಂದೂ ಬರೆದಿದ್ದೀರಿ. ಅದನ್ನು ತಳ್ಳಿಹಾಕಬೇಡಿ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಅಲ್ಲಿಗೆ ಹೋಗಲು ಸಂಕೋಚವಾದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ಮನಸ್ಸಿನ ತೊಂದರೆಗಳಿಗೆ ಇರುವ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೆಂಡತಿಯ ಹತ್ತಿರ ಮಾತಾಡಿದ ಮೇಲೆ ನನಗೊಂದು ಕಾಗದ ಹಾಕಿ. ಈ ಸಲವೂ ನಿಮ್ಮ ಹೆಸರು, ಊರು ಅಚ್ಚು ಮಾಡುವುದಿಲ್ಲ.

ನಿಮ್ಮ,
ಸಂಪಾದಕ