ಸಂಪಾದಕರ ಉತ್ತರ: ತವರು ಬಿಟ್ಟರೂ ತವರು ಬಿಡದ ಹೆಡ್ವಿಗ್

ಧಾರವಾಡದಿಂದ ಪತ್ರ ಬರೆದ ಓದುಗರಿಗೆ,

ನಿಮ್ಮ ಪತ್ರ ಓದಿ ಮೊದಲು ನಾಚಿಕೆಯಾಯಿತು, ಆಮೇಲೆ ಖುಷಿಯಾಯಿತು. ನಾಚಿಕೆ ಯಾಕೆಂದರೆ ತಪ್ಪು ನಮ್ಮದೇ. ಕಳೆದ ಸಂಚಿಕೆಯ ಲೇಖನ ಇದ್ದದ್ದು ಸೈಲೀಸಿಯಾದ (ಈಗ ಬಹುಪಾಲು ಪೋಲೆಂಡಿನಲ್ಲಿರುವ ಪ್ರಾಂತ್ಯ) ಹೆಡ್ವಿಗ್ ಬಗ್ಗೆ, ಚಿತ್ರದ ಕೆಳಗೆ ನಾವು ಹಾಕಿದ್ದು ‘ಪೋಲೆಂಡಿನ ರಾಣಿ, ನಿಧನ 1399’ ಅಂತ. ನೀವು ಹಿಡಿದದ್ದು ಸರಿ, ಆ ರಾಣಿ ಬೇರೆ. ಪೋಲಿಷ್ ಭಾಷೆಯಲ್ಲಿ ಇಬ್ಬರ ಹೆಸರೂ ಯಾದ್ವಿಗಾ, ಇಬ್ಬರೂ ಸಂತರು, ಅಲ್ಲೇ ಎಡವಿದೆವು. ಲೇಖನದ ಹೆಡ್ವಿಗ್ ತೀರಿಕೊಂಡದ್ದು 1243ರ ಅಕ್ಟೋಬರ್ 15ರಂದು, ಅಂದರೆ ಆ ರಾಣಿಗಿಂತ ಒಂದೂವರೆ ಶತಮಾನ ಮೊದಲು. ಹೆಡ್ವಿಗ್‌ಗೆ ಸಂತಪದವಿ ಸಿಕ್ಕಿದ್ದು 1267ರಲ್ಲಿ, ರಾಣಿಗೆ 1997ರಲ್ಲಿ. ಕ್ಷಮಿಸಿ.

ಖುಷಿಯಾದದ್ದು ನಿಮ್ಮ ಎರಡನೇ ಪ್ರಶ್ನೆಗೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ಹನ್ನೆರಡು ವರ್ಷಕ್ಕೇ ಮದುವೆಯಾಗಿ ಬವೇರಿಯಾದಿಂದ ಸೈಲೀಸಿಯಾಕ್ಕೆ ಹೋದವಳ ಕಥೆಯಲ್ಲಿ ಅಣ್ಣತಮ್ಮ, ಅಕ್ಕತಂಗಿಯರಿಗೇ ಅರ್ಧ ಲೇಖನ ಯಾಕೆ?’ ಅಂತ ಕೇಳಿದ್ದೀರಿ. ನನಗೆ ಅನಿಸೋದು, ಈ ಹೆಂಗಸಿನ ವಿಷಯದಲ್ಲಿ ನಮ್ಮ ಗಾದೆ ಪೂರಾ ತಲೆಕೆಳಗು. ಅವಳು ತವರನ್ನು ಬಿಟ್ಟಳು, ತವರು ಅವಳನ್ನು ಬಿಡಲಿಲ್ಲ.

ಅವಳು ಹುಟ್ಟಿದ್ದು ಸುಮಾರು 1174ರಲ್ಲಿ, ಆಂಡೆಕ್ಸ್ ಮನೆತನದಲ್ಲಿ. ಆಮ್ಮರ್ ಸರೋವರದ ಪಕ್ಕದ ಗುಡ್ಡದ ಮೇಲೆ ಇವರ ಕೋಟೆ. ಅಪ್ಪ ನಾಲ್ಕನೇ ಬೆರ್ಟೋಲ್ಡ್‌ಗೆ ‘ಮೆರಾನಿಯಾದ ಡ್ಯೂಕ್’ ಎಂಬ ಬಿರುದಿತ್ತು. ಮೆರಾನಿಯಾ ಎಂದರೆ ಏಡ್ರಿಯಾಟಿಕ್ ಕಡಲ ಕರಾವಳಿ. ಗುಡ್ಡದ ಮೇಲೆ ಕೂತವರಿಗೆ ಕಡಲ ಬಿರುದು! ಅಲ್ಲಿ ಅವರಿಗೆ ಹೇಳಿಕೊಳ್ಳುವಂಥ ನೆಲವೇನೂ ಇರಲಿಲ್ಲ, ಆದರೆ ಡ್ಯೂಕ್ ಅಂದರೆ ಸಂಬಂಧ ಹುಡುಕುವಾಗ ತೂಕ ಜಾಸ್ತಿ, ಅಲ್ವಾ? ಆ ತೂಕವನ್ನು ಬೆರ್ಟೋಲ್ಡ್ ಚೆನ್ನಾಗಿಯೇ ಬಳಸಿಕೊಂಡ. ಒಬ್ಬ ಮಗಳು ಆಗ್ನೆಸ್ ಫ್ರಾನ್ಸಿನ ರಾಜನಿಗೆ, ಒಬ್ಬಳು ಗೆರ್ಟ್ರೂಡ್ ಹಂಗೆರಿಯ ರಾಜನಿಗೆ, ಹೆಡ್ವಿಗ್ ಸೈಲೀಸಿಯಾದ ಡ್ಯೂಕ್ ‘ಗಡ್ಡದ’ ಹೆನ್ರಿಗೆ. ಇನ್ನೊಬ್ಬಳು ಮೆಖ್ಟಿಲ್ಡ್ ಕಿಟ್ಸಿಂಗೆನ್ ಮಠದ ಮುಖ್ಯಸ್ಥೆಯಾದಳು. ಹೆಡ್ವಿಗ್ ಅಕ್ಷರ ಕಲಿತದ್ದೂ ಅದೇ ಮಠದಲ್ಲಿ. ಗಂಡುಮಕ್ಕಳಲ್ಲಿ ಎಕ್‌ಬರ್ಟ್ ಜರ್ಮನಿಯ ಬಾಂಬೆರ್ಗ್‌ನ ಬಿಷಪ್ ಆದ.

ಕೇಳೋಕೆ ಎಷ್ಟು ಚೆಂದ. ಆದರೆ ಒಂದೊಂದು ಸಂಬಂಧವೂ ಒಂದೊಂದು ಗಂಡಾಂತರ ತಂದಿತು.

ಮೊದಲು ಆಗ್ನೆಸ್. 1196ರಲ್ಲಿ ಅವಳನ್ನು ಮದುವೆಯಾದ ಫ್ರಾನ್ಸಿನ ಎರಡನೇ ಫಿಲಿಪ್‌ಗೆ ಆಗಲೇ ಡೆನ್ಮಾರ್ಕಿನ ಇಂಗೆಬೋರ್ಗ್ ಎಂಬ ಹೆಂಡತಿ ಇದ್ದಳು. ಆ ಮದುವೆ ರದ್ದಾಗಿದೆ ಅಂತ ಇವನು, ಇಲ್ಲ ಅಂತ ಪೋಪ್. ಕೊನೆಗೆ 1200ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಫ್ರಾನ್ಸಿನ ಚರ್ಚುಗಳಲ್ಲಿ ಪೂಜೆಯನ್ನೇ ನಿಲ್ಲಿಸಿಬಿಟ್ಟ. ಆಗ್ನೆಸ್ ಮರುವರ್ಷವೇ ತೀರಿಕೊಂಡಳು. ಅವಳ ಇಬ್ಬರು ಮಕ್ಕಳನ್ನು ಪೋಪ್ ನ್ಯಾಯವಾಗಿ ಹುಟ್ಟಿದವರೆಂದು ಒಪ್ಪಿಕೊಂಡ. ಅವಳನ್ನು ಹೆಂಡತಿ ಅಂತ ಒಪ್ಪಲಿಲ್ಲ.

ಆಮೇಲೆ 1208ರ ಜೂನ್ 21. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಂಬೆರ್ಗ್‌ನಲ್ಲಿ ಹೆಡ್ವಿಗ್‌ನ ಸೋದರ ಒಟ್ಟೊ ಮದುವೆ. ಹುಡುಗಿ ಜರ್ಮನ್ ರಾಜ ಫಿಲಿಪ್‌ನ ಅಣ್ಣನ ಮಗಳು. ಊರು ಬಿಷಪ್ ಎಕ್‌ಬರ್ಟ್‌ನದು, ಅಂದರೆ ಗಂಡಿನ ಕಡೆಯವರದೇ ಊರು. ಮದುವೆಯ ದಿನವೇ ವಿಟೆಲ್ಸ್‌ಬಾಖ್ ಮನೆತನದ ಇನ್ನೊಬ್ಬ ಒಟ್ಟೊ ರಾಜನ ಕೋಣೆಗೆ ನುಗ್ಗಿ ಕತ್ತಿಯಿಂದ ಕಡಿದು ಕೊಂದ. ಯಾಕೆ? ರಾಜ ಮೊದಲು ತನ್ನ ಮಗಳನ್ನು ಕೊಡುತ್ತೇನೆಂದು ಮಾತು ಕೊಟ್ಟು ಮುರಿದಿದ್ದ. ಮುಂದೆ ಹೆಡ್ವಿಗ್‌ನ ಮಗಳ ಜೊತೆ ಮಾತುಕತೆಯಾದಾಗ ಅದಕ್ಕೂ ಅವನೇ ಕಲ್ಲು ಹಾಕಿದ ಅಂತ ಈ ಒಟ್ಟೊಗೆ ಸಿಟ್ಟು. ಆ ಹುಡುಗಿಯ ಹೆಸರೂ ಗೆರ್ಟ್ರೂಡ್ (ಇವರ ಮನೆಯಲ್ಲಿ ಹೆಸರಿಗೆ ಬರ, ಏನು ಮಾಡೋದು!). ಅಂದರೆ ನೋಡಿ, ಕೊಲೆಯಾದದ್ದು ಹೆಡ್ವಿಗ್‌ನ ಸೋದರರ ಮನೆಯ ಮದುವೆಯಲ್ಲಿ, ಕೊಂದವನು ಅವಳಿಗೆ ಅಳಿಯನಾಗಬೇಕಿದ್ದವನು.

ಎಕ್‌ಬರ್ಟ್ ಮೇಲೂ ಇನ್ನೊಬ್ಬ ಸೋದರ ಹೆನ್ರಿ ಮೇಲೂ ಸಂಚಿನ ಆರೋಪ ಬಂತು. ಆಂಡೆಕ್ಸ್ ಕೋಟೆಯನ್ನು ಕೆಡವಿದರು. ಕೊಲೆಗಾರನನ್ನು ಮರುವರ್ಷ ಹುಡುಕಿ ಕೊಂದರು. ಸೋದರರು ಓಡಿದ್ದು ಎಲ್ಲಿಗೆ? ಹಂಗೆರಿಗೆ, ರಾಣಿಯಾಗಿದ್ದ ತಂಗಿ ಗೆರ್ಟ್ರೂಡ್ ಮನೆಗೆ. ಕೊಟ್ಟ ಹೆಣ್ಣೇ ಆಸರೆಯಾದಳು, ಆದರೆ ಆ ಆಸರೆಗೆ ಅವಳು ತೆತ್ತ ಬೆಲೆ ದೊಡ್ಡದು. ತವರಿನವರಿಗೆ, ಜರ್ಮನ್ನರಿಗೆ ಎಲ್ಲ ಹುದ್ದೆ ಹಂಚುತ್ತಾಳೆ ಅಂತ ಹಂಗೆರಿಯ ಸರದಾರರು ಕುದಿಯುತ್ತಿದ್ದರು. 1213ರಲ್ಲಿ, ರಾಜ ಯುದ್ಧಕ್ಕೆ ಹೋಗಿದ್ದಾಗ, ಪಿಲಿಶ್ ಕಾಡಿನಲ್ಲಿ ರಾಣಿಯನ್ನು ಕೊಂದುಬಿಟ್ಟರು.

ಅವಳ ಮಗಳೇ ಪ್ರಸಿದ್ಧ ಸಂತ ಎಲಿಜಬೆತ್. ಹೆಡ್ವಿಗ್ ಅವಳಿಗೆ ದೊಡ್ಡಮ್ಮ. ಎಲಿಜಬೆತ್ ಇಪ್ಪತ್ತು ವರ್ಷಕ್ಕೆ ವಿಧವೆಯಾಗಿ ಥುರಿಂಗಿಯಾದ ಗಂಡನ ಮನೆ ಬಿಟ್ಟಾಗ ಕರೆದುಕೊಂಡವಳು ಕಿಟ್ಸಿಂಗೆನ್‌ನ ಮೆಖ್ಟಿಲ್ಡ್. ಅಲ್ಲಿಂದ ಅವಳನ್ನು ಸೋದರಮಾವ ಎಕ್‌ಬರ್ಟ್ ತನ್ನ ಪೊಟೆನ್‌ಸ್ಟೈನ್ ಕೋಟೆಗೆ ಕರೆಸಿಕೊಂಡ. ಸೋದರಮಾವ ಅಂದಮೇಲೆ ಕೇಳಬೇಕೇ, ಇನ್ನೊಂದು ಮದುವೆ ಮಾಡಿಸಲು ಹೊರಟ! ಅವಳು ಒಪ್ಪಲಿಲ್ಲ. 24ಕ್ಕೇ ತೀರಿಕೊಂಡಳು, 1235ರಲ್ಲಿ ಸಂತಳೆಂದು ಘೋಷಿಸಿದರು. ಹೆಡ್ವಿಗ್ ಆಗ ಇನ್ನೂ ಬದುಕಿದ್ದಳು.

ಇಷ್ಟೆಲ್ಲ ನಡೆಯುವಾಗ ಹೆಡ್ವಿಗ್ ಸುಮ್ನೆ ಪ್ರಾರ್ಥನೆ ಮಾಡುತ್ತ ಕೂತಿರಲಿಲ್ಲ. 1202ರಲ್ಲಿ ಗಂಡನ ಜೊತೆ ಟ್ರೆಬ್‌ನಿಟ್ಸ್‌ನಲ್ಲಿ ಸನ್ಯಾಸಿನಿಯರ ಮಠ ಕಟ್ಟಿಸಿದಳು. ಮೊದಲ ಸನ್ಯಾಸಿನಿಯರು ಬಂದದ್ದು ಎಲ್ಲಿಂದ ಹೇಳಿ? ಬಾಂಬೆರ್ಗ್‌ನಿಂದ. ಮದುವೆ ಮುರಿದ ಮಗಳು ಗೆರ್ಟ್ರೂಡ್ ಮುಂದೆ ಅದೇ ಮಠದ ಮುಖ್ಯಸ್ಥೆಯಾದಳು. 1229ರಲ್ಲಿ ಗಂಡನನ್ನು ಪೋಲೆಂಡಿನ ಇನ್ನೊಂದು ಪ್ರಾಂತ್ಯ ಮಜೋವಿಯಾದ ಡ್ಯೂಕ್ ಕೊನ್ರಾಡ್ ಸೆರೆ ಹಿಡಿದಾಗ ಇವಳೇ ಹೋಗಿ ಮಾತಾಡಿ ಬಿಡಿಸಿಕೊಂಡು ಬಂದಳು. ಆ ರಾಜಿಯಲ್ಲಿ ಇವಳ ಇಬ್ಬರು ಮೊಮ್ಮಕ್ಕಳನ್ನು ಕೊನ್ರಾಡನ ಮನೆಗೆ ಸೊಸೆಯಾಗಿ ಕೊಡುವುದೂ ಸೇರಿತ್ತು. ಈ ಸಂಬಂಧಗಳ ಆಟದಲ್ಲಿ ಎಷ್ಟು ಪೆಟ್ಟು ತಿಂದವಳು, ತಾನೂ ಅದೇ ಆಟ ಆಡಿದಳು. ಅವಳ ಭಕ್ತರು ಇದನ್ನು ಅಷ್ಟಾಗಿ ಹೇಳುವುದಿಲ್ಲ. ನನಗಂತೂ ಅವಳು ಮನುಷ್ಯಳಾಗಿ ಕಾಣೋದೇ ಇಲ್ಲಿ.

ಏಳು ಮಕ್ಕಳಲ್ಲಿ ಆರು ಜನ ಅವಳ ಕಣ್ಣೆದುರೇ ಹೋದರು. ಕೊನೆಯ ಪೆಟ್ಟು 1241ರ ಏಪ್ರಿಲ್ 9ರಂದು. ಲೆಗ್ನಿತ್ಸಾದಲ್ಲಿ ಮಂಗೋಲರ ಎದುರು ಮಗ ಎರಡನೇ ಹೆನ್ರಿ ಸತ್ತ. ತಲೆ ಕಡಿದಿದ್ದರಿಂದ ಹೆಣ ಗುರುತು ಸಿಗಲಿಲ್ಲ, ಎಡಗಾಲಲ್ಲಿ ಆರು ಬೆರಳಿದ್ದವು ಅಂತ ಹೆಂಡತಿ ಆನಾ ಗುರುತಿಸಿದಳು ಅನ್ನೋದು ಅಲ್ಲಿನವರು ಹೇಳಿಕೊಂಡು ಬಂದ ಮಾತು. ತವರಿನ ವಂಶವೂ 1248ಕ್ಕೆ ನಿಂತುಹೋಯಿತು. ಅದನ್ನು ಅವಳು ನೋಡಲಿಲ್ಲ.

ನಿಮ್ಮ ಮೂರನೇ ಪ್ರಶ್ನೆ, ಜರ್ಮನ್ನಳೋ ಪೋಲಿಷಳೋ? ಹುಟ್ಟು ಜರ್ಮನಿಯದು, ಬಾಳು ಪೋಲೆಂಡಿನದು. ಎರಡೂ ಕಡೆಯವರು ತಮ್ಮವಳು ಅಂತಾರೆ, ಅನ್ನಲಿ ಬಿಡಿ. ಸನ್ಯಾಸಿನಿಯೋ ಎಂದೂ ಕೇಳಿದ್ದೀರಿ. ಅಲ್ಲ. ಗಂಡ ಸತ್ತ ಮೇಲೆ ಮಠದಲ್ಲೇ ಇದ್ದಳು, ಅವರದೇ ಬಟ್ಟೆ ತೊಟ್ಟಳು, ಆದರೆ ದೀಕ್ಷೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಆಸ್ತಿ ಕೈಬಿಡುತ್ತಿತ್ತು, ಬಡವರಿಗೆ ಕೊಡಲು ಏನೂ ಉಳಿಯುತ್ತಿರಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಸರಿಯಾದ ಚಿತ್ರ ಹಾಕುತ್ತೇವೆ. 1353ರ ಒಂದು ಹಸ್ತಪ್ರತಿಯಲ್ಲಿ ಅವಳ ಚಿತ್ರವಿದೆ, ಪ್ರತಿ ಈಗ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿದೆ. ಚಳಿಯಲ್ಲೂ ಬರಿಗಾಲಲ್ಲಿ ನಡೆಯುತ್ತಿದ್ದಳಂತೆ. ಗುರುಗಳು ಹೊಸ ಬೂಟು ಕೊಟ್ಟು ‘ಇದನ್ನು ಬಿಡದೆ ಇಟ್ಟುಕೋ’ ಅಂದಿದ್ದಕ್ಕೆ ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದಳಂತೆ. ನಾವು ಮತ್ತೆ ಹೆಸರು ತಪ್ಪು ಹಾಕಿದರೂ ನೀವು ಬೂಟು ನೋಡಿಕೊಳ್ಳಿ. ಕಂಕುಳಲ್ಲಿದ್ದರೆ ಇವಳೇ.

– ಸಂಪಾದಕ