ಪಾಠ ಅಡ್ಡಪರಿಣಾಮದಿಂದಲೇ ಶುರುವಾಗಲಿ

ಕಿರಿಯ ವೈದ್ಯರಿಗೆ ಚೆಕ್‌ಪಾಯಿಂಟ್ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ಬಗ್ಗೆ ಒಂದು ಗಂಟೆ ಪಾಠ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಅಡ್ಡಪರಿಣಾಮಗಳಿಂದಲೇ ಶುರು ಮಾಡಿ. ಪಿಡಿ-1, ಸಿಟಿಎಲ್‌ಎ-4 ಎಂಬ ಪ್ರೋಟೀನುಗಳು ರೋಗನಿರೋಧಕ ಟಿ ಕೋಶಗಳ ಬ್ರೇಕ್, ಔಷಧಿ ಆ ಬ್ರೇಕ್ ಬಿಡಿಸುತ್ತದೆ; ಆಗ ಆ ಕೋಶಗಳು ನಮ್ಮದೇ ಅಂಗಗಳ ಮೇಲೂ ಎರಗಬಹುದು, ಅಡ್ಡಪರಿಣಾಮ ಬರುವುದೇ ಹಾಗೆ. ಇದಕ್ಕೆ ಹತ್ತು ನಿಮಿಷ ಸಾಕು.

ಉಳಿದ ಹೊತ್ತನ್ನು ಒಬ್ಬ ರೋಗಿಯ ಕಥೆಗೆ ಕೊಡಿ. ರಾತ್ರಿ ಭೇದಿ ಅಂತ ಎಮರ್ಜೆನ್ಸಿಗೆ ಬರುತ್ತಾರೆ. ಇಮ್ಯುನೋಥೆರಪಿಯನ್ನೇ "ಕೀಮೋ ತಗೊಂಡಿದ್ದೆ" ಅನ್ನುತ್ತಾರೆ. ಅಷ್ಟನ್ನೇ ನಂಬಿ, ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟು ಕಳಿಸಿದರೆ ಕರುಳಿನ ಉರಿಯೂತ ಕೈತಪ್ಪಿಹೋಗುತ್ತದೆ. ಔಷಧಿಯ ಹೆಸರು ಕೇಳುವುದನ್ನು ಮೊದಲು ಕಲಿಸಿ. ಕೊನೆಯ ಡೋಸ್ ಆಗಿ ತಿಂಗಳುಗಳು ಕಳೆದ ಮೇಲೂ ತೊಂದರೆ ಬರಬಹುದು, ಹಾಗಾಗಿ ಹಳೆಯ ಚಿಕಿತ್ಸೆಯನ್ನೂ ಕೇಳಬೇಕು. ಉರಿಯೂತ ಜೋರಾಗಿದ್ದರೆ ಸ್ಟಿರಾಯ್ಡ್ ಬೇಕು. ಅದನ್ನು ಥಟ್ಟನೆ ನಿಲ್ಲಿಸಬಾರದು, ಸಾಮಾನ್ಯವಾಗಿ 4ರಿಂದ 6 ವಾರ ನಿಧಾನಕ್ಕೆ ಇಳಿಸಬೇಕು. ಆತುರಪಟ್ಟರೆ ಕಾಯಿಲೆ ಮತ್ತೆ ಕೆರಳುತ್ತದೆ.

ಹೃದಯದ ಸ್ನಾಯುವಿನ ಉರಿಯೂತ ಅಪರೂಪ, ಆದರೆ ಪ್ರಾಣಕ್ಕೇ ಕುತ್ತು. ಎದೆನೋವು, ಉಸಿರಾಟದ ಕಷ್ಟ, ಜೋತುಬಿದ್ದ ರೆಪ್ಪೆ ಕಂಡರೆ ಆಗಲೇ ಇಸಿಜಿ, ಟ್ರೊಪೊನಿನ್ (ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ) ಮಾಡಿಸಲಿ. ಇನ್ನೊಂದು: ಥೈರಾಯ್ಡ್ ಕೊರತೆಯ ಜೊತೆ ಅಡ್ರಿನಲ್ (ಮೂತ್ರಪಿಂಡದ ಮೇಲಿರುವ ಗ್ರಂಥಿ) ಹಾರ್ಮೋನ್ ಕೊರತೆಯೂ ಇದ್ದರೆ ಥೈರಾಯ್ಡ್ ಮಾತ್ರೆಗಿಂತ ಮೊದಲು ಸ್ಟಿರಾಯ್ಡ್ ಕೊಡಬೇಕು.

ನರ್ಸ್‌ಗಳನ್ನೂ ತಪ್ಪದೆ ಕರೆಯಿರಿ. ಎಷ್ಟೋ ಸಲ ರೋಗಿಗಳು ಮೊದಲು ಹೇಳಿಕೊಳ್ಳುವುದು ಅವರ ಹತ್ತಿರವೇ ಅಲ್ವಾ?